ಊಫರಿಗೆ ಯಾಕೆ ಬೈಯುತ್ತೀರಿ?

ಹೋದ ಹಂಗಾಮಿನಲ್ಲಿ ಒಂದು ಮುಂಜಾನೆ ನಮ್ಮ ಓಣಿಯ ಹುಡುಗನೊಬ್ಬ ಹನ್ನೆರಡು ಇಂಚಿನ ಊಫರೊಂದನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು, ಜ್ವರ ಬಂದ ಕೂಸನ್ನು ದವಾಖಾನೆಗೆ ತಂದವರ ಹಾಗೆ ಎದೆಗೆ ಅವಚಿಕೊಂಡು ನನ್ನ ಅಂಗಡಿಗೆ ಬಂದ.

“ಇದೂ ಒಡೀತ್ರಿ ಕಾಕಾ,” ಅಂದ.

ಆ ‘ಇದೂ’ ಎಂಬ ಮಾತಿನಲ್ಲಿ ಎರಡು ವರ್ಷದ ಚರಿತ್ರೆ ಇತ್ತು. ಮೊದಲು ಎಂಟು ಇಂಚಿನದು ಹಾಕಿಸಿದ್ದ. ದನಿ ಜೋರು ಮಾಡಿದರೆ ಪರ್ ಪರ್ ಎನ್ನುತ್ತಿತ್ತು. “ಸಣ್ಣದಕ್ಕ ತಾಕತ್ತ ಎಲ್ಲಿಂದ ಬರಬೇಕು, ಹತ್ತ ಇಂಚಿಂದ ಹಾಕು” ಎಂದ ಅಂಗಡಿಯವ. ಹತ್ತು ಇಂಚಿನದೂ ಪರ್ ಎಂದಿತು, ನಾಲ್ಕು ತಿಂಗಳಿಗೆ ಸುಟ್ಟೂ ಹೋಯಿತು. ಆಗ ಹನ್ನೆರಡು ಇಂಚಿನದು ಬಂತು. ಈಗ ಹದಿನೈದು ಇಂಚಿನದಕ್ಕೆ ಎರಡು ಸಾವಿರ ರೂಪಾಯಿ ಮುಂಗಡ ಕೊಟ್ಟು, ಇದನ್ನು ನನ್ನಿಂದ ದುರಸ್ತಿ ಮಾಡಿಸಿ ಯಾರಿಗಾದರೂ ದಾಟಿಸಿಬಿಡಬೇಕೆಂದು ಬಂದಿದ್ದ. ಕಬ್ಬಿನ ಟ್ರ್ಯಾಕ್ಟರಿನ ಡ್ರೈವರಕಿ ಅವನದು. ಹಂಗಾಮಿಗೆ ಮೊದಲು ಮಾಲಕರಿಂದ ಎತ್ತಿದ ಅಡ್ವಾನ್ಸಿನಲ್ಲಿ ದೊಡ್ಡ ಪಾಲು ಈ ಕರಿ ಹಾಳಿಯ ಬಟ್ಟಲುಗಳಿಗೇ ಹೋಗಿತ್ತು.

ಊಫರನ್ನು ಮೇಜಿನ ಮೇಲೆ ಅಂಗಾತ ಇಟ್ಟು ಎರಡೂ ಅಂಗೈಯಿಂದ ಹಾಳಿಯನ್ನು ಸಮವಾಗಿ, ಮೆಲ್ಲಗೆ ಒತ್ತಿದೆ. ಒಳಗೆ ಕಾಯಿಲು ತಿಕ್ಕುತ್ತಿದ್ದರೆ ಉಸುಕಿನ ಮೇಲೆ ಚಪ್ಪಲಿ ಎಳೆದಂಥ ಸಪ್ಪಳ ಬರಬೇಕು. ಬರಲಿಲ್ಲ. ಮೂಗಿನ ಹತ್ತಿರ ಹಿಡಿದೆ. ಸುಟ್ಟ ವಾರ್ನಿಶಿನ ವಾಸನೆ ಇಲ್ಲ. ಮೀಟರು ಹಚ್ಚಿದೆ, 3.4 ಓಮ್ ತೋರಿಸಿತು. ನಾಲ್ಕು ಓಮಿನ ಊಫರು ಮೀಟರಿಗೆ ತೋರಿಸುವುದೇ ಅಷ್ಟು. ಕಡೆಗೆ ಗೋಡೆಯ ಗಡಿಯಾರದಿಂದ ಒಂದೂವರೆ ವೋಲ್ಟಿನ ಶೆಲ್ಲು ಕಿತ್ತು ಮುಟ್ಟಿಸಿದೆ. ಹಾಳಿ ಟಪ್ಪೆಂದು ಮುಂದಕ್ಕೆ ಬಂತು.

“ಇದಕ್ಕ ಏನೂ ಆಗಿಲ್ಲೋ ತಮ್ಮಾ.”

“ಮತ್ತ ದನಿ ಒಡಿತೈತೆಲ್ಲರಿ?”

“ಒಡ್ಯಾಕ ಹತ್ತಿದ್ದು ಇದಲ್ಲ.”

ಅವನಿಗೆ ನಂಬಿಕೆ ಬರಲಿಲ್ಲ. ಯಾರಿಗೂ ಬರುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಮೊದಲು ನನ್ನ ಅಧಿಕಾರ ಯಾವುದು ಎಂಬುದನ್ನು ಹೇಳಿಬಿಡುತ್ತೇನೆ. ನಾನು ಮಮದಾಪುರದ ರೇಡಿಯೋ ರಿಪೇರಿಯವನು. ರೇಡಿಯೋ ಹೋಗಿ ಬಹಳ ದಿನವಾಯಿತು, ರಿಪೇರಿಯವ ಉಳಿದಿದ್ದೇನೆ. ಧಾರವಾಡದಲ್ಲಿ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅದರ ಸುದ್ದಿ, ಅದರ ಹಾಡು, ಅದರ ರೈತರ ಕಾರ್ಯಕ್ರಮ ಕೇಳಲೆಂದು ಮಂದಿ ಕೊಂಡ ಮರದ ಪೆಟ್ಟಿಗೆಯ ಸೆಟ್ಟುಗಳ ಮೇಲೆ ನಾನು ಕೆಲಸ ಕಲಿತೆ. ಆಮೇಲೆ ಟ್ರಾನ್ಸಿಸ್ಟರು ಬಂತು, ಟೇಪ್ ರೆಕಾರ್ಡರು ಬಂತು, ಟೀವಿ ಬಂತು. ಮೊಬೈಲು ಬಂದ ಮೇಲೆ ಇನ್ನು ಅಂಗಡಿಗೆ ಬೀಗವೇ ಎಂದುಕೊಂಡಿದ್ದೆ. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡತೊಡಗಿದವು.

ನಮ್ಮ ಕಡೆಯ ಟ್ರ್ಯಾಕ್ಟರನ್ನು ನೋಡದವರಿಗೆ ಇದು ತಿಳಿಯುವುದು ಕಷ್ಟ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ದೀಪಾವಳಿಯ ಆಸುಪಾಸಿನಿಂದ ಶಿವರಾತ್ರಿಯ ತನಕ ರಸ್ತೆಗಳೆಲ್ಲ ಕಬ್ಬಿನವು. ಹಿಂದೆ ಎರಡು ಟ್ರೇಲರು, ಮೇಲೆ ಮನೆಯೆತ್ತರದ ಹೇರು, ಮುಂದೆ ರಿಬ್ಬನ್ನು, ಬಣ್ಣದ ದೀಪ, ಡ್ರೈವರನ ಬೆನ್ನ ಹಿಂದೆ ಒಂದು ಪ್ಲಾಯ್‌ವುಡ್ಡಿನ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಊಫರು. ಗಾಡಿ ಇನ್ನೂ ಹಳ್ಳದ ಆಚೆ ಇರುವಾಗಲೇ ನಮ್ಮ ಅಡಿಗೆಮನೆಯ ಹಲಗೆಯ ಮೇಲಿನ ಭಾಂಡೆಗಳಿಗೆ ಸುದ್ದಿ ಮುಟ್ಟಿರುತ್ತದೆ. ಕೀಚುದನಿಯನ್ನು ಗೋಡೆ ತಡೆಯುತ್ತದೆ, ಗಾಳಿ ತಿನ್ನುತ್ತದೆ. ಬೇಸನ್ನು ಇವೆರಡೂ ಅಷ್ಟಾಗಿ ತಡೆಯಲಾರವು. ಅದು ಕದದ ಕೆಳಗಿನಿಂದ, ಕಿಡಕಿಯ ಗಾಜಿನಿಂದ, ಮಂಚದ ಕಾಲಿನಿಂದ ಒಳಗೆ ಬರುತ್ತದೆ.

ಈ ಪೆಟ್ಟಿಗೆಗಳ ಬಗ್ಗೆ ಊರಲ್ಲಿ ಎರಡು ಪಕ್ಷಗಳಿವೆ. ಒಂದು, ‘ಇನ್ನೊಂದು ಹಾಕು’ ಎನ್ನುವ ಪಕ್ಷ. ಇದರಲ್ಲಿ ಹುಡುಗರೂ ಮಾರುವವರೂ ಇದ್ದಾರೆ. ಎರಡನೆಯದು, ‘ಕಿತ್ತು ಒಗಿ’ ಎನ್ನುವ ಪಕ್ಷ. ಇದರಲ್ಲಿ ಹಿರಿಯರು, ಮಾಸ್ತರರು, ಪೊಲೀಸರು, ಆ ಹುಡುಗನ ತಾಯಿ ಎಲ್ಲರೂ ಇದ್ದಾರೆ. ಹೊರಗಿನಿಂದ ನೋಡಿದರೆ ಇವು ಹಾವು ಮುಂಗುಸಿ. ನನ್ನ ಕಣ್ಣಿಗೆ ಇಬ್ಬರೂ ಒಂದೇ ಪಂಥದವರು. ಇಬ್ಬರೂ ಊಫರನ್ನೇ ನೋಡುತ್ತಾರೆ, ಊಫರಿನ ಹಿಂದೆ ಏನಿದೆ ಎಂದು ಒಮ್ಮೆಯೂ ಬಗ್ಗಿ ನೋಡುವುದಿಲ್ಲ. ಸಪ್ಪಳ ಎಲ್ಲಿಂದ ಹೊರಬೀಳುತ್ತದೋ ತಪ್ಪೂ ಅಲ್ಲಿಯೇ ಇದೆ ಎಂದು ಗಟ್ಟಿಯಾಗಿ ನಂಬಿದ್ದಾರೆ.

ಆದರೆ ಸ್ಪೀಕರಿನಷ್ಟು ಬಡಪಾಯಿ ಇನ್ನೊಂದಿಲ್ಲ. ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಒಂದು ಹಾಳಿ. ಅಮೇರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು 1925ರಲ್ಲಿ ಇದರ ರೀತಿಯನ್ನು ಬರೆದಿಟ್ಟರು. ನೂರು ವರ್ಷವಾದರೂ ಮೂಲದಲ್ಲಿ ಅದೇ ಇದೆ. ಕಳಿಸಿದ್ದನ್ನು ಕುಣಿದು ತೋರಿಸುವುದಷ್ಟೇ ಅದರ ಕೆಲಸ. ಒಡೆದದ್ದನ್ನು ಕಳಿಸಿದರೆ ಒಡೆದದ್ದನ್ನೇ ಕುಣಿಯುತ್ತದೆ. ಬ್ಯಾಟರಿಯಿಂದ ಹಾಡಿನ ತನಕ ಹತ್ತು ಮಂದಿ ಮಾಡಿದ ತಪ್ಪಿಗೆ ಕಡೆಯಲ್ಲಿ ನಿಂತವನಿಗೆ ಏಟು ಬೀಳುತ್ತದೆ. ಇದು ಊಫರಿನ ಸಂಗತಿ ಮಾತ್ರವೇ ಎಂದು ಕೆಲವು ಸಲ ನನಗೆ ಸಂಶಯ ಬರುತ್ತದೆ, ಇರಲಿ.

ಹುಡುಗನನ್ನು ಕರೆದುಕೊಂಡು ಟ್ರ್ಯಾಕ್ಟರಿಗೆ ಹೋದೆ. ಊಫರನ್ನು ಮರಳಿ ಪೆಟ್ಟಿಗೆಗೆ ಕೂಡಿಸಿ, ಎಂಜಿನ್ ಚಾಲೂ ಮಾಡಿಸಿ, ಹೆಡ್‌ಲೈಟು ಹಚ್ಚಿಸಿ, ಅವನಿಗೆ ಬೇಕಾದ ಹಾಡನ್ನು ಬೇಕಾದಷ್ಟು ಜೋರಾಗಿ ಹಾಕೆಂದೆ. ಬೇಸಿನ ಒಂದೊಂದು ಪೆಟ್ಟಿಗೂ ಹೆಡ್‌ಲೈಟು ಕಣ್ಣು ಮುಚ್ಚಿ ಕಣ್ಣು ತೆರೆಯುತ್ತಿತ್ತು. ಹುಡುಗನಿಗೆ ಇದು ಹೊಸದಲ್ಲ. ದೀಪವೂ ಹಾಡಿಗೆ ಕುಣಿಯುತ್ತದೆ ಎಂದು ಗೆಳೆಯರಿಗೆ ತೋರಿಸಿ ಖುಷಿಪಟ್ಟವನು. ನಾನು ಹೇಳಿದೆ: ಅದು ಕುಣಿತವಲ್ಲ, ಗಾಡಿ ಉಸಿರು ಕಟ್ಟಿ ತೇಕುವುದು.

ಲೆಕ್ಕ ಬಹಳ ಸುಲಭದ್ದು. ಸಾವಿರ ವ್ಯಾಟು ನಿಜವಾಗಿ ಬೇಕಾದರೆ 12 ವೋಲ್ಟಿನ ಗಾಡಿಯಲ್ಲಿ 83 ಆಂಪಿಯರಿಗೂ ಮಿಕ್ಕಿ ಕರೆಂಟು ಹರಿಯಬೇಕು. ಆಂಪ್ಲಿಫಾಯರು ತಾನು ಬಿಸಿಯಾಗಿ ಕಳೆಯುವುದನ್ನು ಕೂಡಿಸಿದರೆ ನೂರು ದಾಟುತ್ತದೆ. ನಾನು ಅಳೆದು ನೋಡಿದ ಟ್ರ್ಯಾಕ್ಟರುಗಳ ಡೈನಮೋ ನಲವತ್ತರ ಆಸುಪಾಸು ಕೊಡುತ್ತದೆ. ಅದರಲ್ಲೇ ಹೆಡ್‌ಲೈಟು, ಹಿಂದಿನ ದೀಪ, ಬಣ್ಣದ ಸರಮಾಲೆ. ಉಳಿದದ್ದನ್ನು ಬ್ಯಾಟರಿ ತನ್ನ ಗಂಟಿನಿಂದ ತುಂಬಿಕೊಡಬೇಕು. ಬರುವ ದಾರಿಯಾದರೂ ಸರಿಯಿದೆಯೇ ಎಂದು ವಯರು ಹಿಡಿದು ನೋಡಿದೆ. ಬ್ಯಾಟರಿಯಿಂದ ಆಂಪ್ಲಿಫಾಯರಿಗೆ ಐದು ಮೀಟರು ಉದ್ದದ ವಯರು. ಮನೆಯ ಪ್ಲಗ್ಗಿಗೆ ಎಳೆಯುವ 2.5 ಚದರ ಮಿಲಿಮೀಟರಿನದು. ಕೈಗೆ ಬೆಚ್ಚಗೆ ಹತ್ತಿತು. ಇಂಥ ವಯರಿನಲ್ಲಿ 50 ಆಂಪಿಯರು ಹರಿದರೆ ದಾರಿಯಲ್ಲೇ ಎರಡು ವೋಲ್ಟಿನ ಹತ್ತಿರ ಹತ್ತಿರ ಸೋರಿಹೋಗುತ್ತದೆ. ಬೋರಿನ ನೀರನ್ನು ನಲ್ಲಿಯ ಕೊಳವೆಯಲ್ಲಿ ಒಯ್ದು ಕಬ್ಬಿಗೆ ಹಾಯಿಸಿದ ಹಾಗೆ. ಅದಕ್ಕೆ ಫ್ಯೂಜು ಎಲ್ಲಿದೆ ಎಂದು ಕೇಳಿದೆ. ಇರಲಿಲ್ಲ. “ಪದೇ ಪದೇ ಸುಡತಿತ್ರಿ, ತೆಗದ ನೇರ ಕೊಟ್ಟಾರ” ಎಂದ. ಒಣಗಿದ ಕಬ್ಬಿನ ರವದಿ ಇಡೀ ದಿನ ಉದುರುವ ಗಾಡಿಯಲ್ಲಿ ಕಾದ ವಯರು, ಫ್ಯೂಜಿಲ್ಲದ್ದು. ಈ ಒಂದು ಕಾರಣಕ್ಕೇ ಅದನ್ನು ಕಟ್ಟಿಕೊಟ್ಟವನನ್ನು ಕರೆದು ಕೇಳಬೇಕಿತ್ತು. ಯಾರೂ ಕೇಳಿಲ್ಲ, ಊಫರಿಗೆ ಬೈದಿದ್ದಾರೆ.

ಅರ್ಥಿಂಗಿನ ವಯರನ್ನು ಚಾಸಿಗೆ ಬಣ್ಣದ ಮೇಲೆಯೇ ಸ್ಕ್ರೂ ಹೊಡೆದು ಬಿಗಿದಿದ್ದರು. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ, ಅದು ತಿಳಿಯಲು ಐ.ಟಿ.ಐ. ಓದಬೇಕಾಗಿಲ್ಲ. ಪೆಟ್ಟಿಗೆಯ ಒಂದು ಮೂಲೆ ಬಿಟ್ಟುಕೊಂಡಿತ್ತು. ದೇವರ ಮುಂದಿನ ಊದಿನಕಡ್ಡಿ ತರಿಸಿ ಸಂದಿಗೆ ಹಿಡಿದರೆ, ಬೇಸು ಬಡಿದಾಗಲೆಲ್ಲ ಹೊಗೆ ಹೊರಳಾಡುತ್ತಿತ್ತು. ಆ ‘ಪರ್’ನಲ್ಲಿ ಒಂದು ಪಾಲು ಈ ಸಂದಿಯದು. ಅಂಟು, ಎರಡು ಸ್ಕ್ರೂ, ಮುಗಿಯಿತು.

ಮುಖ್ಯ ಕಳ್ಳ ಮಾತ್ರ ಆಂಪ್ಲಿಫಾಯರಿನ ಮೈಮೇಲೆ ಎಲ್ಲರ ಕಣ್ಣೆದುರೇ ಕೂತಿದ್ದ. ‘ಗೇನ್’ ಎಂದು ಬರೆದ ಒಂದು ಸಣ್ಣ ತಿರುಪು. ಅದನ್ನು ಕಡೆಯ ತನಕ ತಿರುವಿದ್ದರು. ಅದರ ಮಗ್ಗುಲಿಗೆ ‘ಬೇಸ್ ಬೂಸ್ಟ್’, ಅದೂ ಕಡೆಯ ತನಕ. ಇನ್ನು ಟೇಪಿನಲ್ಲಿ ಬೇಸು ಪೂರ್ತಿ, ಮೊಬೈಲಿನಲ್ಲಿ ಬೇಸು ಪೂರ್ತಿ, ಹಾಡಂತೂ ಯಾರೋ ಪುಣ್ಯಾತ್ಮರು ಬೇಸು ತುರುಕಿ ಮರುಮಿಶ್ರಣ ಮಾಡಿದ್ದು. ಒಂದೇ ಪಲ್ಯಕ್ಕೆ ಐದು ಮಂದಿ ಉಪ್ಪು ಹಾಕಿದ್ದರು.

ಗೇನ್ ಎಂದರೆ ವಾಲ್ಯೂಮ್ ಅಲ್ಲ. ಇದನ್ನು ಎಷ್ಟು ಮಂದಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಟೇಪು ಎಷ್ಟು ಗಟ್ಟಿಯಾಗಿ ಮಾತಾಡುತ್ತದೆ ಎಂಬುದಕ್ಕೆ ಆಂಪ್ಲಿಫಾಯರಿನ ಕಿವಿಯನ್ನು ಹೊಂದಿಸುವ ತಿರುಪು ಅದು. ಹೆಚ್ಚು ತಿರುವಿದರೆ ಆಂಪ್ಲಿಫಾಯರಿನ ಶಕ್ತಿ ಒಂದು ವ್ಯಾಟೂ ಹೆಚ್ಚುವುದಿಲ್ಲ. ಶಕ್ತಿಯ ಮೇರೆ ಬೇಗ ಬಂದುಮುಟ್ಟುತ್ತದೆ ಅಷ್ಟೇ. ಮೇರೆ ಮುಟ್ಟಿದ ಮೇಲೆ ಏನಾಗುತ್ತದೆ? ಹೇರು ತುಂಬಿದ ಟ್ರೇಲರನ್ನು ತಗ್ಗಿನ ಕಮಾನಿನ ಕೆಳಗೆ ನುಗ್ಗಿಸಿದಂತೆ. ಗಾಡಿ ದಾಟುತ್ತದೆ, ಮೇಲಿನ ಕಬ್ಬು ಕತ್ತರಿಸಿ ಬೀಳುತ್ತದೆ. ದುಂಡಗೆ ಏರಿ ಇಳಿಯಬೇಕಾದ ದನಿಯ ಅಲೆಯ ನೆತ್ತಿಯೂ ತಳವೂ ಹಾಗೆಯೇ ಚಪ್ಪಟೆಯಾಗಿ ಕತ್ತರಿಸುತ್ತವೆ. ಆ ಕತ್ತರಿಸಿದ ಅಂಚಿನ ಸಪ್ಪಳವೇ ‘ಪರ್’. ನೆತ್ತಿ ಪೂರ್ತಿ ಕತ್ತರಿಸಿ ಅಲೆ ಚೌಕವಾದರೆ ಅದೇ ಎತ್ತರದ ದುಂಡು ಅಲೆಗಿಂತ ಎರಡು ಪಟ್ಟು ಶಕ್ತಿ ಕಾಯಿಲಿಗೆ ಹೋಗುತ್ತದೆ. ದನಿಯಾಗಿ ಬರಬೇಕಾದದ್ದು ಬಿಸಿಯಾಗಿ ಅಲ್ಲೇ ಕೂರುತ್ತದೆ. ಹತ್ತು ಇಂಚಿನದು ಸುಟ್ಟದ್ದು ಹೀಗೆ. ಅಶಕ್ತವಾದದ್ದು ಊಫರಲ್ಲ, ಆಂಪ್ಲಿಫಾಯರು. ಆದರೂ ಊಫರಿನ ಶಕ್ತಿ ಸಾಲದೆಂದು ದೊಡ್ಡದನ್ನು ಮಾರಿದರು. ಬೇಸ್ ಬೂಸ್ಟಿನ ಸಂಗತಿ ಇನ್ನೂ ಘೋರ. ಅದರ ಮೇಲೆ ‘12 ಡಿಬಿ’ ಎಂದು ಬರೆದಿರುತ್ತದೆ. ಹನ್ನೆರಡು ಎಂದರೆ ಏನು ಮಹಾ ಎನಿಸುತ್ತದೆ. ಹನ್ನೆರಡು ಡೆಸಿಬೆಲ್ ಎಂದರೆ ಆ ಮಟ್ಟದ ದನಿಗೆ ಹದಿನಾರು ಪಟ್ಟು ಶಕ್ತಿ ಬೇಕು. ಹತ್ತು ವ್ಯಾಟು ಸಾಕಿದ್ದ ಕಡೆ ನೂರಾ ಅರವತ್ತು!

ಅಂಕಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಗಾಡಿಯ ಟೇಪಿನ ಪೆಟ್ಟಿಗೆಯ ಮೇಲೆ ‘50 ವ್ಯಾಟ್ × 4’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಕಾರಿನವರೂ ಟ್ರ್ಯಾಕ್ಟರಿನವರೂ ಅದನ್ನು ಓದಿಯೇ ಕೊಳ್ಳುತ್ತಾರೆ. ಆ ಐವತ್ತು ಎಲ್ಲಿಂದ ಬಂತು ಗೊತ್ತೇ? ಎಂಜಿನ್ ಓಡುವಾಗ ಗಾಡಿಯಲ್ಲಿ ಹೆಚ್ಚೆಂದರೆ 14.4 ವೋಲ್ಟು. ಸ್ಪೀಕರು 4 ಓಮು. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿದರೆ 51.84. ಇದೇ ಆ ಐವತ್ತು. ಲೆಕ್ಕ ತಪ್ಪಿಲ್ಲ. ಆದರೆ ಅದು ಅಲೆ ಪೂರ್ತಿ ಕತ್ತರಿಸಿ ಚೌಕವಾದಾಗಿನ ಲೆಕ್ಕ. ದುಂಡಗಿನ, ಸ್ವಚ್ಛ ದನಿಗೆ ಅದರ ಅರ್ಧ, ಇಪ್ಪತ್ತಾರು. ಒಳಗೆ ಕಳೆಯುವುದನ್ನು ಕಳೆದರೆ ಇಪ್ಪತ್ತರ ಆಚೀಚೆ. ಅಂದರೆ ಪೆಟ್ಟಿಗೆಯ ಮೇಲೆ ಹೆಮ್ಮೆಯಿಂದ ಅಚ್ಚು ಹಾಕಿದ ಸಂಖ್ಯೆಯೇ ಒಡೆದ ದನಿಯ ಸಂಖ್ಯೆ! ಒಡೆಯುವುದನ್ನು ಅಳೆದು, ಅದಕ್ಕೆ ಬೆಲೆ ಕಟ್ಟಿ ಮಾರುತ್ತಾರೆ. ಕೊಂಡವನು ಮನೆಗೆ ಬಂದು ಒಡೆಯಿತೆಂದು ಅಳುತ್ತಾನೆ. ಇಷ್ಟಾಗಿ ವ್ಯಾಟು ಇಮ್ಮಡಿ ಮಾಡಿದರೆ ದನಿ ಇಮ್ಮಡಿಯಾಗುತ್ತದೆಯೇ? ಇಲ್ಲ. ಮೂರು ಡೆಸಿಬೆಲ್ ಏರುತ್ತದೆ, ಲಕ್ಷ್ಯಗೊಟ್ಟು ಕೇಳಿದರೆ ತಿಳಿಯುವಷ್ಟು. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟು ಬೇಕು. ಐದುನೂರರದನ್ನು ಕೊಟ್ಟು ಸಾವಿರದ್ದನ್ನು ತಂದವನು ಕೊಂಡದ್ದು ಏನನ್ನು?

ಇಷ್ಟೆಲ್ಲ ಹೇಳಿದ ಮೇಲೂ ಹುಡುಗ ಒಂದು ಪ್ರಾಮಾಣಿಕ ಪ್ರಶ್ನೆ ಕೇಳಿದ. “ಕಾಕಾ, ಒಡದಾಗನ ಜೋರ ಅನಸತೈತೆಲ್ಲರಿ?” ನಿಜ, ಅನ್ನಿಸುತ್ತದೆ. ಮನುಷ್ಯನ ಕಿವಿ ತಗ್ಗು ದನಿಗೆ ಮಂದ, ಎತ್ತರದ ದನಿಗೆ ಚುರುಕು. ನಲವತ್ತು ಹರ್ಟ್ಸಿನ ಬೇಸು ಒಡೆದಾಗ ಅದರೊಳಗಿಂದ ನೂರು, ಇನ್ನೂರು, ಸಾವಿರದ ಚೂರುಗಳು ಸಿಡಿಯುತ್ತವೆ. ಕಿವಿ ಅವನ್ನು ಹಿಡಿದು ‘ಆಹಾ, ಜೋರಾಯಿತು’ ಎನ್ನುತ್ತದೆ. ತಾಸು ಹೊತ್ತು ಕೇಳಿದ ಮೇಲೆ ಕಿವಿ ಜಡ್ಡಾಗಿ ಅಷ್ಟೇ ದನಿ ಕಡಿಮೆ ಎನಿಸುತ್ತದೆ, ಕೈ ಮತ್ತೆ ಗುಂಡಿಗೆ ಹೋಗುತ್ತದೆ. ಜಗತ್ತಿನ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ಲಿನ ದನಿಯನ್ನು ವಾರಕ್ಕೆ 40 ತಾಸು ಕೇಳಬಹುದು. 100 ಡೆಸಿಬೆಲ್ ಆದರೆ ವಾರಕ್ಕೆ 20 ನಿಮಿಷ. ಬೆನ್ನ ಹಿಂದೆ ಎರಡು ಅಡಿಯಲ್ಲಿ ಊಫರು ಇಟ್ಟುಕೊಂಡು ಹಂಗಾಮಿಡೀ ಕೂರುವವನ ಕಿವಿ ನಲವತ್ತರ ವಯಸ್ಸಿಗೆ ಹೇಗಿದ್ದೀತು, ನೀವೇ ಲೆಕ್ಕ ಹಾಕಿ.

ನಮ್ಮ ನೆಲದಲ್ಲಿ ಜೋರು ದನಿ ಹೊಸದೇನಲ್ಲ. ಕರಡಿ ಮಜಲು ಊರ ನಡುವೆ ನಿಂತು ಬಾರಿಸಿದರೆ ಮೂರು ಓಣಿ ಎದ್ದು ಬರುತ್ತಿತ್ತು. ಹಲಗಿ ಬಾರಿಸುವವರನ್ನು ನೋಡಿ. ಚರ್ಮ ತಂಪು ಹಿಡಿದು ದನಿ ಸಡಿಲಾದರೆ ಕೋಲನ್ನು ಇನ್ನೂ ಜೋರಾಗಿ ಬಡಿಯುವುದಿಲ್ಲ. ನಾಲ್ಕು ಕಸಕಡ್ಡಿ ಕೂಡಿಸಿ ಬೆಂಕಿ ಹಚ್ಚಿ, ಹಲಗಿಯನ್ನು ಕಾಸಿ, ಬೆರಳಿನಿಂದ ತಟ್ಟಿ ನೋಡಿ, ಆಮೇಲೆ ಬಾರಿಸುತ್ತಾರೆ. ಮೆರವಣಿಗೆ ಆ ತನಕ ಕಾಯುತ್ತದೆ. ಶ್ರೀಕೃಷ್ಣ ಪಾರಿಜಾತ ಬೆಳೆದದ್ದು ಇದೇ ಸೀಮೆಯಲ್ಲಿ. ಕುಲಗೋಡ ತಮ್ಮಣ್ಣನ ಕುಲಗೋಡವೂ ನಿಂಗಮ್ಮನ ಕೌಜಲಗಿಯೂ ನಮ್ಮ ಬಾಜೂ ಊರುಗಳ ಲೆಕ್ಕದವು. ಬಯಲಿನಲ್ಲಿ ರಾತ್ರಿಯಿಡೀ ಹಾಡಿ ಕಡೆಯ ಸಾಲಿನ ಮುದುಕಿಗೂ ಮಾತು ಮುಟ್ಟಿಸಿದ ಪರಂಪರೆ ಅದು. ಮೈಕು ಬರುವ ಮೊದಲಿನ ಆ ಕಲಾವಿದರಿಗೆ ತಮ್ಮ ಗಂಟಲಿನ ಮೇರೆ ಗೊತ್ತಿತ್ತು. ಮೇರೆ ದಾಟಿದರೆ ದನಿ ಒಡೆಯುತ್ತದೆ, ಒಡೆದ ದನಿಗೆ ಮಾತು ಮುಟ್ಟುವುದಿಲ್ಲ ಎಂಬುದೂ ಗೊತ್ತಿತ್ತು. ಈಗ ಗಣಪತಿ ಕಳಿಸುವಾಗ ಟ್ರಕ್ಕಿನ ತುಂಬ ಗೋಡೆಯಂತೆ ಊಫರು ಪೇರಿಸಿ ಅದಕ್ಕೆ ‘ಡಾಲ್ಬಿ’ ಎನ್ನುತ್ತೇವೆ. ರೇ ಡಾಲ್ಬಿ ಎಂಬ ಮನುಷ್ಯ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆಗೆದದ್ದು ಟೇಪಿನ ಹಿಂದಿನ ‘ಸ್ಸ್’ ಎಂಬ ಗದ್ದಲವನ್ನು ಕಡಿಮೆ ಮಾಡಲು! ಗದ್ದಲ ತೆಗೆಯುವುದಕ್ಕೆ ಬದುಕು ಕಳೆದವನ ಹೆಸರನ್ನು ನಾವು ಗದ್ದಲಕ್ಕೇ ಇಟ್ಟೆವು. 2013ರಲ್ಲಿ ತೀರಿಕೊಂಡ. ಬೆಳಗಾವಿ ಜಿಲ್ಲೆಯ ಮೆರವಣಿಗೆ ನೋಡದೆ ಹೋದದ್ದು ಅವನ ಪುಣ್ಯ.

ಇನ್ನು ‘ಕಿತ್ತು ಒಗಿ’ ಪಕ್ಷದ ಕಡೆಗೆ ತಿರುಗುತ್ತೇನೆ. ಅವರ ಸಿಟ್ಟಿಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಈ ಹುಡುಗನೇ ಹೋದ ಹಂಗಾಮಿನಲ್ಲಿ ಒಂದು ರಾತ್ರಿ ಎರಡು ಟ್ರೇಲರು ತುಂಬಿಕೊಂಡು ಇಕ್ಕಟ್ಟಿನ ರಸ್ತೆಯಲ್ಲಿ ಹೊರಟಿದ್ದಾನೆ. ಹಿಂದೆ 108 ಗಾಡಿ. ಒಳಗೆ ಹೆರಿಗೆಯ ಹೆಂಗಸು. ಸೈರನ್ನು ಒದರುತ್ತಿದೆ, ಇವನಿಗೆ ಕೇಳಿಲ್ಲ. ಹೇರು ಎಷ್ಟು ಅಗಲ ಎಂದರೆ ಕನ್ನಡಿಯಲ್ಲಿ ಹಿಂದಿನ ದೀಪವೂ ಕಾಣಿಸಿಲ್ಲ. ಒಂದೂವರೆ ಮೈಲು ಹೀಗೆ. ಕೂಡು ರಸ್ತೆ ಬಂದಾಗ 108 ಪಕ್ಕಕ್ಕೆ ಬಂತು. ಅದರ ಡ್ರೈವರು ಬೈಯಲಿಲ್ಲವಂತೆ, ಇವನ ಮುಖವನ್ನು ನೋಡಿ ಹೊರಟುಹೋದನಂತೆ. ಬೈದಿದ್ದರೆ ಚಲೋ ಇತ್ತು ಎಂದು ಹುಡುಗ ನನ್ನ ಮುಂದೆ ಹೇಳಿದ. ತಾಯಿ, ಕೂಸು ಇಬ್ಬರೂ ಉಳಿದರು. ಅದನ್ನು ತಿಳಿದುಕೊಳ್ಳಲು ಅವನು ಮರುದಿನ ಆ ಊರಿಗೆ ಹೋಗಿ ಬಂದಿದ್ದ. ಒಳಗೆ ಹೋಗಲು ಧೈರ್ಯವಾಗದೆ ಚಹದ ಅಂಗಡಿಯಲ್ಲಿ ಕೇಳಿ ತಿರುಗಿದ.

ಅವನ ತಾಯಿಗೆ ಇದು ತಿಳಿದದ್ದೇ ತಡ ನನ್ನ ಅಂಗಡಿಗೆ ಬಂದಳು. “ಯಣ್ಣಾ, ನೀ ಆ ಡಬ್ಬಿ ದುರಸ್ತಿ ಮಾಡಬ್ಯಾಡ. ಕೆಟ್ಟೈತಿ, ಕೆಟ್ಟ ಇರ್ಲಿ” ಎಂದಳು. ಈ ಮಾತಿಗೆ ಎದುರಾಡುವುದು ಸುಲಭವಲ್ಲ. ಆದರೂ ಎದುರಾಡಿದೆ. ಕೆಟ್ಟರೆ ಅವನು ಸುಮ್ಮನಿರುವವನಲ್ಲ ತಂಗಿ, ಇನ್ನೂ ದೊಡ್ಡದನ್ನು ತರುವವನು. ಎರಡು ವರ್ಷದಿಂದ ನಡೆದದ್ದು ಅದೇ ಅಲ್ಲವೇ?

ಇನ್ನೊಂದು ಮಾತನ್ನೂ ಹೇಳಿದೆ. ಕಬ್ಬಿನ ಡ್ರೈವರು ಹೇಗೆ ಬದುಕುತ್ತಾನೆ ಎಂಬುದನ್ನು ‘ಕಿತ್ತು ಒಗಿ’ ಎನ್ನುವವರು ಒಮ್ಮೆ ನೋಡಬೇಕು. ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಹಚ್ಚಿದರೆ ಕೆಲವು ಸಲ ಇಡೀ ರಾತ್ರಿ, ಮರುದಿನ ಮಧ್ಯಾಹ್ನದ ತನಕ ಅಲ್ಲೇ. ಮುಂದಿನ ಗಾಡಿ ಹತ್ತು ಅಡಿ ಸರಿದರೆ ಇವನೂ ಎದ್ದು ಹತ್ತು ಅಡಿ ಸರಿಸಬೇಕು. ಮಲಗಿದರೆ ಪಾಳಿ ಹೋಯಿತು. ಖಾಲಿ ಮಾಡಿ ಹೊರಬಿದ್ದರೆ ಗ್ಯಾಂಗಿನವರು ಹೊಲದಲ್ಲಿ ಕಬ್ಬು ಕಡಿದಿಟ್ಟುಕೊಂಡು ಕಾಯುತ್ತಿರುತ್ತಾರೆ. ಈ ಹುಡುಗರನ್ನು ಎಚ್ಚರವಿಡುವುದು ಏನು? ಚಹ, ಗುಟಖಾ, ಹಾಡು. ಮೂರರಲ್ಲಿ ಕಡಿಮೆ ಕೇಡಿನದನ್ನೇ ಕಿತ್ತೊಗೆಯಲು ನಾವು ಹೊರಟಿದ್ದೇವೆ. ಮಾಲಕನ ಗಾಡಿ, ಮಾಲಕನ ಡೀಸೆಲ್ಲು, ಕಾರ್ಖಾನೆಯ ಕಬ್ಬು. ಆ ಗಾಡಿಯಲ್ಲಿ ಅವನದು ಎನ್ನುವುದು ಆ ಪೆಟ್ಟಿಗೆ ಒಂದೇ.

ಕಾನೂನು ಇಲ್ಲವೆಂದಲ್ಲ. ಶಬ್ದ ಮಾಲಿನ್ಯದ ನಿಯಮಗಳು 2000ದಲ್ಲಿ ಬಂದಿವೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಕೂಡದು. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿತು. ಮಾತಾಡುವ ಹಕ್ಕು ಇದೆಯೆಂದು ಒಲ್ಲದವರ ಕಿವಿಗೆ ಧ್ವನಿವರ್ಧಕ ಹಿಡಿಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ತಾತ್ಪರ್ಯ. ಬಹಳ ಚಲೋ. ಆದರೆ ಈ ಕಾನೂನು ಹಂಗಾಮಿನ ಆರಂಭದಲ್ಲಿ ಟ್ರ್ಯಾಕ್ಟರಿನ ಹುಡುಗರನ್ನು ಕಂಡಷ್ಟು ಚುರುಕಾಗಿ ಮತ್ತೆ ಯಾರನ್ನು ಕಂಡಿದೆ? ಉಳ್ಳವರ ಲಗ್ನದ ಮೆರವಣಿಗೆ, ಜಾತ್ರೆ, ಚುನಾವಣೆಯ ಪ್ರಚಾರದ ಗಾಡಿ, ಗೆದ್ದವರ ಡಾಲ್ಬಿ, ಇವುಗಳ ಮುಂದೆ ಮೀಟರು ಹಿಡಿದು ನಿಂತವರನ್ನು ನಾನು ಈ ವಯಸ್ಸಿನ ತನಕ ನಮ್ಮೂರಲ್ಲಿ ಕಂಡಿಲ್ಲ. ಅವರಿಗೆ ಪರವಾನಗಿ ಸಿಗುತ್ತದೆ, ಇವನಿಗೆ ದಂಡ. ಹಿರಿಯರೆನಿಸಿಕೊಂಡವರು ಮಗನ ಲಗ್ನದಲ್ಲಿ ರಾತ್ರಿ ಒಂದರ ತನಕ ಕುಣಿಸಿ, ಮರುದಿನ ಕಟ್ಟೆಯ ಮೇಲೆ ಕೂತು ಟ್ರ್ಯಾಕ್ಟರಿನ ಹುಡುಗರಿಂದ ಊರು ಕೆಟ್ಟಿತು ಎನ್ನುವುದನ್ನು ಕೇಳಿ ಕೇಳಿ ನನ್ನ ಕಿವಿಗೂ ಜಡ್ಡು ಹಿಡಿದಿದೆ.

ಮತ್ತೆ ಟ್ರ್ಯಾಕ್ಟರಿಗೆ ಬರುತ್ತೇನೆ. ಅವತ್ತು ನಾವು ಮಾಡಿದ್ದು ಇಷ್ಟು. ಗೇನನ್ನು ಸೊನ್ನೆಗೆ ತಂದೆ. ಬೇಸ್ ಬೂಸ್ಟು ಬಂದ್. ಟೇಪಿನ, ಮೊಬೈಲಿನ ಬೇಸು ನಡುವಿಗೆ. ಊಫರಿಗೆ 80 ಹರ್ಟ್ಸಿನ ಮೇಲಿನದು ಹೋಗದಂತೆ ಫಿಲ್ಟರು. ಮಾತು, ಹಾಡುಗಾರನ ಗಂಟಲು ಊಫರಿನ ಕೆಲಸವಲ್ಲ. ಅರ್ಥಿಂಗಿನ ಜಾಗದ ಬಣ್ಣ ಕೆರೆದು ಕಬ್ಬಿಣ ಹೊಳೆಯುವ ಹಾಗೆ ಮಾಡಿ ಬಿಗಿದೆ. ವಯರು ದಪ್ಪದ್ದು, 16 ಚದರ ಮಿಲಿಮೀಟರಿನದು ಬೇಕು. ಅದರಲ್ಲಿ 50 ಆಂಪಿಯರು ಹರಿದರೂ ಸೋರುವುದು ಕಾಲು ವೋಲ್ಟಿಗಿಂತ ತುಸು ಹೆಚ್ಚು, ಅಷ್ಟೇ. ಅದಕ್ಕೆ ರೊಕ್ಕ ಎಲ್ಲಿದೆ ಎಂದ. ಹದಿನೈದು ಇಂಚಿನದಕ್ಕೆ ಕೊಟ್ಟ ಮುಂಗಡ ಇದೆಯಲ್ಲ ಎಂದೆ. ಅಂಗಡಿಯವ ರೊಕ್ಕ ತಿರುಗಿ ಕೊಡಲು ಒಪ್ಪಲಿಲ್ಲ, ಸಾಮಾನು ಒಯ್ಯಿ ಎಂದನಂತೆ. ಹಾಗಾಗಿ ತಾಮ್ರದ ವಯರು, ಬ್ಯಾಟರಿಯ ಮಗ್ಗುಲಿಗೇ ಕೂಡಿಸುವ ಫ್ಯೂಜು, ಒಂದು ಸಣ್ಣ ಸ್ವಿಚ್ಚು ಬಂದವು. ಮೊಬೈಲಿನಲ್ಲಿ 50 ಹರ್ಟ್ಸಿನ ಬರೀ ‘ಹೂಂ’ ಎಂಬ ದನಿ ಹಚ್ಚಿ, ಊಫರಿನ ತಂತಿ ಬಿಚ್ಚಿ, ಆಂಪ್ಲಿಫಾಯರಿನ ಬಾಯಿಗೆ ಮೀಟರು ಹಿಡಿದು, ಟೇಪನ್ನು ಮುಕ್ಕಾಲಿಗೆ ಇಟ್ಟು ಗೇನ್ ತಿರುವುತ್ತ ಬಂದೆ. ಅವನ ಆಂಪ್ಲಿಫಾಯರಿನ ನಿಜವಾದ ಶಕ್ತಿ 200 ವ್ಯಾಟು. ನಾಲ್ಕು ಓಮಿಗೆ ಅದು 28 ವೋಲ್ಟಿನ ಹತ್ತಿರ. ಟ್ರ್ಯಾಕ್ಟರಿನ ಬಡತನ ನೋಡಿ 24ಕ್ಕೇ ನಿಲ್ಲಿಸಿದೆ. ಅಂದರೆ 144 ವ್ಯಾಟು. ಕಡಿಮೆಯಾದದ್ದು ಒಂದೂವರೆ ಡೆಸಿಬೆಲ್ಲೂ ಅಲ್ಲ.

ಊಫರು ಕೂಡಿಸಿ ಹಾಡು ಹಾಕಿದಾಗ ಹುಡುಗ ಹಿಂದೆ ಮುಂದೆ ನೋಡಿದ. “ಕಡಿಮಿ ಆತೆನ್ರಿ?” ಎಂದ. ಒಂದು ನಿಮಿಷ ಸುಮ್ಮನೆ ಕೇಳು ಎಂದೆ. ಕೇಳಿದ. “ಕಾಕಾ, ಈ ಹಾಡಿನ್ಯಾಗ ಡೊಳ್ಳ ಐತ್ರಿ!” ಎಂದ. ಎರಡು ವರ್ಷದಿಂದ ದಿನಾ ಹಚ್ಚಿದ ಹಾಡು ಅದು. ಹೆಡ್‌ಲೈಟು ನಿಗಿನಿಗಿ ಉರಿಯುತ್ತಿತ್ತು, ಮಿಟುಕಲಿಲ್ಲ.

ಸ್ವಿಚ್ಚು ಯಾಕೆ ಎಂಬುದನ್ನು ಹೇಳುವುದು ಉಳಿಯಿತು. ದನಿ ಎಷ್ಟು ಸ್ವಚ್ಛವಾದರೂ ಬೆನ್ನ ಹಿಂದೆ ಊಫರು ಬಡಿಯುವಾಗ ಹಿಂದಿನ ಹಾರ್ನು ಕೇಳುವುದಿಲ್ಲ. ನನ್ನ ಮೋಟರ್ ಸೈಕಲ್ಲಿನಿಂದ ಪರೀಕ್ಷೆ ಮಾಡಿ ನೋಡಿದೆವು, ಕೇಳಲಿಲ್ಲ. ಇದರಲ್ಲಿ ‘ಕಿತ್ತು ಒಗಿ’ಯವರ ಮಾತು ಅರ್ಧ ಖರೆ. ಟೇಪಿನಿಂದ ಆಂಪ್ಲಿಫಾಯರಿಗೆ ಒಂದು ಸಪೂರ ನೀಲಿ ವಯರು ಹೋಗುತ್ತದೆ, ಆಂಪ್ಲಿಫಾಯರನ್ನು ಎಬ್ಬಿಸುವುದು ಅದೇ. ಅದರ ನಡುವೆ ಸ್ವಿಚ್ಚು ಕೂಡಿಸಿ ಸ್ಟೇರಿಂಗಿನ ಮಗ್ಗುಲಿಗೆ ತಂದೆ. ಗಾಡಿ ರಸ್ತೆಗೆ ಬಿದ್ದರೆ ಊಫರು ಬಂದ್, ಮುಂದಿನ ಸಣ್ಣ ಸ್ಪೀಕರು ಮಾತ್ರ ಮೆಲ್ಲಗೆ. ಯಾರ್ಡಿನಲ್ಲಿ ಪಾಳಿಗೆ ನಿಂತಾಗ ಊಫರು. ಮೂವತ್ತು ರೂಪಾಯಿಯ ಸ್ವಿಚ್ಚು. ಟೇಪಿನ ಗುಂಡಿಯ ಮೇಲೆ ಮುಕ್ಕಾಲಿನ ಜಾಗಕ್ಕೆ ಅವನ ತಾಯಿಯ ಕುಂಕುಮದ ಡಬ್ಬಿಯಿಂದ ಒಂದು ಗುರುತನ್ನೂ ಹಚ್ಚಿದೆವು, ಅದರ ಆಚೆ ಹೋಗಕೂಡದೆಂದು. ಅದು ಎರಡು ದಿನಕ್ಕೆ ಅಳಿಸಿಹೋಯಿತು. ಆಮೇಲೆ ಅವಳೇ ನೇಲ್ ಪಾಲಿಶ್ ತಂದು ಹಚ್ಚಿದಳು.

ಎಲ್ಲ ಹುಡುಗರೂ ಸ್ವಿಚ್ಚು ಆರಿಸುತ್ತಾರೆಯೇ ಎಂದು ನೀವು ಕೇಳಬಹುದು. ಇವನೇ ದಿನಾ ಆರಿಸುತ್ತಾನೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಹಂಗಾಮು ಮುಗಿಯುವುದರೊಳಗೆ ಇನ್ನೂ ಏಳು ಟ್ರ್ಯಾಕ್ಟರು, ಗೋಕಾಕದಿಂದ ಎರಡು ಕಾರು ನನ್ನ ಅಂಗಡಿಯ ಮುಂದೆ ನಿಂತವು. ಏಳರಲ್ಲಿ ಒಂದರ ಊಫರು ಮಾತ್ರ ನಿಜವಾಗಿ ಸುಟ್ಟಿತ್ತು. ಮತ್ತೊಂದರಲ್ಲಿ ಎರಡು ಊಫರುಗಳ ತಂತಿ ಅದಲು ಬದಲಾಗಿತ್ತು. ಶೆಲ್ಲು ಮುಟ್ಟಿಸಿದರೆ ಒಂದು ಹಾಳಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಒಂದು ದೂಡಿದ ಗಾಳಿಯನ್ನು ಇನ್ನೊಂದು ನುಂಗುತ್ತಿತ್ತು. ಬೇಸು ಬರುವುದಿಲ್ಲವೆಂದು ಅವನು ಮೂರನೆಯ ಊಫರಿಗೆ ರೊಕ್ಕ ಕೂಡಿಸುತ್ತಿದ್ದ. ಎರಡು ತಂತಿ ತಿರುಗಿಸಿ ಹಚ್ಚಿದೆ. ಕೂಲಿ ಎಷ್ಟು ಎಂದು ಕೇಳಿದ. ಮೂರನೆಯದರ ರೊಕ್ಕ ಎಷ್ಟಿತ್ತೋ ಅಷ್ಟು ಕೊಡು ಎಂದೆ. ಹೆದರಿ ನನ್ನ ಮುಖ ನೋಡಿದ. ಐವತ್ತು ರೂಪಾಯಿ ತೆಗೆದುಕೊಂಡು, ಗೋಡೆಯ ಗಡಿಯಾರಕ್ಕೆ ಶೆಲ್ಲು ಮರಳಿ ಹಾಕಿದೆ.